ಷಡ್ಡಕನ ಮನೆಯ ಮಳೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಮಳೆಗಾಲವು ಪ್ರತಿವರ್ಷ ಜೂನ್ 15ರಂದು ಆರಂಭವಾಗಿ ಸೆಪ್ಟೆಂಬರ್ 30ರಂದು ಮುಗಿಯುತ್ತದೆ. ಈ ವಿಷಯ ಹವಾಮಾನ ಇಲಾಖೆಗೆ ಗೊತ್ತಿದೆ, ಪತ್ರಿಕೆಗಳಿಗೆ ಗೊತ್ತಿದೆ, ಚಾವಣಿ ರಿಪೇರಿ ಮಾಡುವವರಿಗೂ ಗೊತ್ತಿದೆ. ಮೋಡಗಳಿಗೆ ಮಾತ್ರ ಯಾರೂ ತಿಳಿಸಿದಂತಿಲ್ಲ. 2008ಕ್ಕೆ ಮೊದಲು ಕ್ರಮ ಬೇರೆಯಿತ್ತು. ಗಾಳಿಯ ತೇವವು ಇಬ್ಬನಿಯಾಗಿ ಕಟ್ಟುವ ಉಷ್ಣತೆಯನ್ನು ದಿನವೂ ಲೆಕ್ಕ ಹಾಕಿ, ಫೀನಿಕ್ಸ್ ನಗರದಲ್ಲಿ ಅದರ ಸರಾಸರಿ ಸತತ ಮೂರು ದಿನ 55 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಳೆಗಾಲ ಬಂತೆಂದು ಸಾರುತ್ತಿದ್ದರು. ಈ ಲೆಕ್ಕ ಜನಸಾಮಾನ್ಯರ ತಲೆಗೆ ಹತ್ತುವಂಥದ್ದಲ್ಲವಾದ್ದರಿಂದ, ಎಚ್ಚರಿಕೆ ಹೇಳುವುದಕ್ಕೆ ಸುಲಭವಾಗಲೆಂದು ತಾರೀಖನ್ನೇ ಗೊತ್ತುಮಾಡಿದರು.

ನನ್ನ ಮನೆ ಇರುವುದು ಫೀನಿಕ್ಸಿನ ಆಗ್ನೇಯಕ್ಕೆ ಅಂಟಿಕೊಂಡಿರುವ ಚಾಂಡ್ಲರಿನಲ್ಲಿ; ನನ್ನ ಷಡ್ಡಕನ ಮನೆ ಅಲ್ಲಿಂದ ಒಂದೂವರೆ ಗಂಟೆಯ ದಾರಿಯಲ್ಲಿರುವ ಟೂಸಾನಿನಲ್ಲಿ. ಎರಡೂ ಊರು ಅದೇ ಸೋನೋರಾ ಮರುಭೂಮಿಯವು, ಎರಡೂ ಮನೆಗಳ ಹೆಂಗಸರು ಒಂದೇ ತಾಯಿಯ ಮಕ್ಕಳು; ಆದರೆ ಮಳೆಯ ವಿಷಯದಲ್ಲಿ ನಮ್ಮಿಬ್ಬರ ಅದೃಷ್ಟಕ್ಕೆ ಹೋಲಿಕೆಯೇ ಇಲ್ಲ. ಟೂಸಾನ್ ಇನ್ನಷ್ಟು ಎತ್ತರದಲ್ಲಿದೆ, ಮೆಕ್ಸಿಕೋ ಕಡೆಯಿಂದ ಬರುವ ತೇವದ ಗಾಳಿಗೆ ಹತ್ತಿರವಿದೆ, ಮೇಲಾಗಿ ಉತ್ತರಕ್ಕೆ ಒಂಬತ್ತು ಸಾವಿರ ಅಡಿ ಮೀರಿದ ಸಾಂತಾ ಕ್ಯಾಟಲೀನಾ ಬೆಟ್ಟಸಾಲು ನಿಂತು ಆ ಗಾಳಿಯನ್ನು ಮೇಲಕ್ಕೆತ್ತಿ ಮೋಡ ಮಾಡಿಕೊಡುತ್ತದೆ. 2021ರ ಜುಲೈ ಒಂದೇ ತಿಂಗಳಿನಲ್ಲಿ ಅಲ್ಲಿ 8.06 ಇಂಚು ಮಳೆ ಸುರಿದು ಆ ಊರಿನ ದಾಖಲೆಗಳನ್ನೆಲ್ಲ ಮುರಿಯಿತು. 2023ರಲ್ಲಿ ಫೀನಿಕ್ಸಿನ ಇಡೀ ಮಳೆಗಾಲಕ್ಕೆ ಸೇರಿ ಬಿದ್ದದ್ದು 0.15 ಇಂಚು. ಅದೂ ದಾಖಲೆಯೇ. ಈ ಎರಡು ಅಂಕಿಗಳನ್ನು ಷಡ್ಡಕ ಬಾಯಿಪಾಠ ಮಾಡಿಟ್ಟುಕೊಂಡಿದ್ದು, ನೆಂಟರು ಸೇರಿದ ಕಡೆಯಲ್ಲೆಲ್ಲ, ಯಾರೂ ಕೇಳದಿದ್ದರೂ, ದಶಮಾಂಶ ಸಹಿತ ಒಪ್ಪಿಸುತ್ತಾನೆ.

ಅತ್ತೆಯವರು ತೀರ್ಥಹಳ್ಳಿಯಿಂದ ಮೊದಲ ಬಾರಿಗೆ ಬಂದ ಬೇಸಿಗೆಯಲ್ಲಿ ಈ ಪೈಪೋಟಿಗೆ ಒಬ್ಬ ನ್ಯಾಯಾಧೀಶರು ಸಿಕ್ಕಂತಾಯಿತು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಹೊಯ್ಯುವ ಆಗುಂಬೆಯ ಮಗ್ಗುಲಿನಲ್ಲೇ ಆಯುಷ್ಯ ಕಳೆದವರು ಅವರು. ಮಳೆಯೆಂದರೆ ಅವರಿಗೆ ಸೌದೆ ಒಣಗದ, ಬಟ್ಟೆ ಬೂಸಲು ಹಿಡಿಯುವ, ಹಂಡೆಯೊಲೆಯ ಮೇಲಿನ ದಾರಕ್ಕೆ ಲಂಗೋಟಿ ನೇತುಹಾಕುವ ಮೂರು ತಿಂಗಳ ಸೆರೆವಾಸ. ಮಳೆಯನ್ನು ಕುರ್ಚಿ ಹಾಕಿಕೊಂಡು ನೋಡಲು ಹೋಗುವ ಜನರಿದ್ದಾರೆಂಬುದನ್ನು ಅವರು ನಂಬಲು ಸಿದ್ಧರಿರಲಿಲ್ಲ. "ಒಳಗೆ ಕೂತವರಿಗೆ ಮಳೆ ಕೇಳುತ್ತೆ, ಹೊರಗೆ ನಿಂತವರಿಗೆ ಮಳೆ ತಾಗುತ್ತೆ. ನೋಡೋದು ಅಂದರೇನು ಅಳಿಯಂದಿರೇ?" ಎಂದು ಕೇಳಿದರು. ಮಲೆನಾಡಿನಲ್ಲಿ ಮಳೆಗೆ ಅಂಚೇ ಇರುವುದಿಲ್ಲವಾದ್ದರಿಂದ ಅವರ ಪ್ರಶ್ನೆ ನ್ಯಾಯವಾದದ್ದೇ. ಮರುಭೂಮಿಯಲ್ಲಿ ಹಾಗಲ್ಲ, ಐವತ್ತು ಮೈಲಿ ದೂರದಲ್ಲಿ ಮೋಡವೊಂದು ಹುಟ್ಟಿ, ಬೆಳೆದು, ನೆತ್ತಿ ಚಪ್ಪಟೆಯಾಗಿ, ಬುಡ ಕಪ್ಪಾಗಿ, ಯಾರದೋ ಊರಿನ ಮೇಲೆ ಸುರಿದು ಬರಿದಾಗುವುದನ್ನು ಆದಿಯಿಂದ ಅಂತ್ಯದವರೆಗೆ ನಮ್ಮ ಮನೆಯ ಹಿತ್ತಲಿನಿಂದಲೇ ಕಾಣಬಹುದು. ಚಾಂಡ್ಲರಿನ ನಿವಾಸಿಗೆ ಅದಕ್ಕಿಂತ ಹೆಚ್ಚಿನ ಭಾಗ್ಯ ಅಪರೂಪವಾದ್ದರಿಂದ, ನಾವೆಲ್ಲ ಪರರ ಮಳೆಯನ್ನು ನೋಡುವುದರಲ್ಲಿ ಪಳಗಿದ್ದೇವೆ.

ಜೂನ್ 15 ಕಳೆಯಿತು. ಆಕಾಶ ಬಿಳಿಚಿಕೊಂಡೇ ಇತ್ತು. ಅತ್ತೆಯವರು ಸರ್ಕಾರಿ ತಾರೀಖನ್ನು ಬದಿಗೊತ್ತಿ ತಮ್ಮ ಪಂಚಾಂಗ ತೆಗೆದು, ಆರ್ದ್ರಾ ನಕ್ಷತ್ರ ಹುಟ್ಟುವುದು ಜೂನ್ 22ರ ಆಸುಪಾಸಿಗೆ, ಅಲ್ಲಿಯವರೆಗೆ ಕಾಯಬೇಕೆಂದು ಅಪ್ಪಣೆ ಕೊಡಿಸಿದರು. ನಾನು ಒಳಗೊಳಗೇ ನಕ್ಕದ್ದು ನಿಜ. ಆದರೆ ಟೂಸಾನಿನ ಹಳಬರು ಮಳೆಗಾಲದ ಆರಂಭವೆಂದು ಸಾಂಪ್ರದಾಯಿಕವಾಗಿ ಆಚರಿಸುವ ಸಂತ ಯೋಹಾನನ ಹಬ್ಬ ಬರುವುದು ಜೂನ್ 24ಕ್ಕೆ, ಅಂದರೆ ಸರಿಯಾಗಿ ಆರ್ದ್ರೆಯ ಹೊಟ್ಟೆಯೊಳಕ್ಕೆ. ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರು ಸವಾರೋ ಕಳ್ಳಿಯ ಕೆಂಪು ಹಣ್ಣನ್ನು ಕೊಯ್ದು, ಅದರ ರಸವನ್ನು ಹುಳಿಯೆಬ್ಬಿಸಿ ಕುಡಿದು, ಹಾಡಿ ಮಳೆಯನ್ನು ಕರೆಯುವುದೂ ಇದೇ ದಿನಗಳಲ್ಲಿ. ಇದನ್ನು ತಿಳಿಸಿದಾಗ ಅತ್ತೆಯವರು, ತಿಳಿದವರು ಎಲ್ಲ ಕಡೆಯೂ ಇರುತ್ತಾರೆ ಎಂದು ಇಲಾಖೆಯ ವಿರುದ್ಧ ತೀರ್ಪು ಬರೆದರು.

ಕಾಯುವ ಈ ಅವಧಿಯಲ್ಲಿ ಅವರ ಕಣ್ಣು ನಮ್ಮ ಹಿತ್ತಲಿನ ಬಿಸಿಲಿನ ಮೇಲೆ ಬಿತ್ತು. ನಲವತ್ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನ ಬಿಸಿಲು, ಅದೂ ಯಾರೂ ಉಪಯೋಗಿಸದೆ ದಿನಗಟ್ಟಲೆ ಬಿದ್ದಿರುವುದು, ಮಲೆನಾಡಿನ ಗೃಹಿಣಿಯೊಬ್ಬರಿಗೆ ಸಹಿಸಲಾಗದ ದುಂದು. ಮರುದಿನವೇ ಅಕ್ಕಿ ನೆನೆಯಿತು, ಹಿಟ್ಟು ಕುದಿಯಿತು. ಮೇಜು, ಇಸ್ತ್ರಿ ಹಲಗೆ, ಮಕ್ಕಳ ಪಿಂಗ್‌ಪಾಂಗ್ ಟೇಬಲ್ಲು ಎಲ್ಲದರ ಮೇಲೂ ಬಿಳಿ ಪಂಚೆ ಹಾಸಿ ಸಂಡಿಗೆ ಇಟ್ಟದ್ದಾಯಿತು. ಮೂರು ದಿನ ಬೇಕಾಗುವ ಒಣಗು ಮಧ್ಯಾಹ್ನದೊಳಗೇ ಮುಗಿಯುತ್ತಿದ್ದುದನ್ನು ಕಂಡು, ಅವರು ಊರಿಗೆಲ್ಲ ಆಗುವಷ್ಟು ಬಾಳಕದ ಮೆಣಸನ್ನೂ ಮಜ್ಜಿಗೆಯಲ್ಲಿ ಅದ್ದಿ ಹರಡಿದರು.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳದೆ ಮುಂದೆ ಹೋಗುವಂತಿಲ್ಲ. ಮರುಭೂಮಿಯ ಮೋಡದ ಬುಡ ತುಂಬ ಎತ್ತರದಲ್ಲಿದ್ದು, ಕೆಳಗಿನ ಗಾಳಿ ಬೆಂದು ಒಣಗಿರುವುದರಿಂದ, ಬೀಳುವ ಹನಿಗಳಲ್ಲಿ ಬಹುಪಾಲು ನೆಲ ಮುಟ್ಟುವ ಮೊದಲೇ ಆವಿಯಾಗುತ್ತವೆ. ಹಾಗೆ ಆವಿಯಾಗುವಾಗ ಸುತ್ತಲಿನ ಗಾಳಿಯ ಬಿಸಿಯನ್ನು ಹೀರುತ್ತವೆ. ತಂಪಾದ ಗಾಳಿ ಭಾರವಾಗಿ ಧೊಪ್ಪನೆ ಕೆಳಗೆ ಕುಸಿದು, ನೆಲಕ್ಕೆ ಅಪ್ಪಳಿಸಿ, ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಟೂಸಾನಿಗೂ ಚಾಂಡ್ಲರಿಗೂ ನಡುವೆ ಬೆಳೆಯಿಲ್ಲದ ಹೊಲಗಳು ಮೈಲಿಗಟ್ಟಲೆ ಹರಡಿಕೊಂಡಿವೆ. ಮಳೆ ಟೂಸಾನಿಗೆ ಸಲ್ಲುತ್ತದೆ. ಅದರ ಗಾಳಿ ಆ ಹೊಲಗಳ ಮಣ್ಣನ್ನೆಲ್ಲ ಬಳಿದುಕೊಂಡು ಹಬೂಬ್ ಎಂಬ ಹೆಸರಿನಿಂದ ನಮ್ಮಲ್ಲಿಗೆ ಬರುತ್ತದೆ. 2011ರ ಜುಲೈ 5ರಂದು ಬಂದದ್ದು ಐದು ಸಾವಿರ ಅಡಿ ಎತ್ತರ, ನೂರು ಮೈಲಿಯ ಹತ್ತಿರ ಅಗಲವಿದ್ದ ಧೂಳಿನ ಗೋಡೆ. ಅತ್ತೆಯವರ ಸಂಡಿಗೆಯ ಮೇಲೆ ಬಂದದ್ದು ಅಷ್ಟು ದೊಡ್ಡದಲ್ಲ. ಆದರೆ ಸಂಡಿಗೆಗೆ ಅಷ್ಟು ದೊಡ್ಡದು ಬೇಕಾಗಿಯೂ ಇಲ್ಲ.

ಮನೆಯ ಮೊಬೈಲುಗಳೆಲ್ಲ ಒಟ್ಟಿಗೇ ಕಿರಿಚಿ ಧೂಳಿನ ಎಚ್ಚರಿಕೆ ಕೊಟ್ಟಾಗ ಅತ್ತೆಯವರು ಮಧ್ಯಾಹ್ನದ ನಿದ್ದೆಯಲ್ಲಿದ್ದರು. ನಾವು ಹಿತ್ತಲಿಗೆ ಓಡುವಷ್ಟರಲ್ಲಿ ದಕ್ಷಿಣದ ಆಕಾಶವೇ ಕಂದುಬಣ್ಣದ ಕೋಟೆಯಾಗಿ ಎದ್ದು ಬರುತ್ತಿತ್ತು. ಹೆಂಡತಿ ಪಂಚೆಯ ಎರಡು ಮೂಲೆಗಳನ್ನು, ನಾನು ಮತ್ತೆರಡನ್ನು ಹಿಡಿದು ಎತ್ತಿದ ಕ್ಷಣದಲ್ಲೇ ಗಾಳಿ ಅದರೊಳಗೆ ಹೊಕ್ಕು, ಪಂಚೆ ಹಾಯಿಯಂತೆ ಉಬ್ಬಿ, ಅಷ್ಟೂ ಸಂಡಿಗೆ ಗೋಡೆಯಾಚೆಯ ಮನೆಯವರ ಈಜುಕೊಳದ ದಿಕ್ಕಿಗೆ ಪ್ರಯಾಣ ಬೆಳೆಸಿತು. ಅರ್ಧ ಗಂಟೆಯ ನಂತರ ಧೂಳು ಅಡಗಿದಾಗ ಬಾಳಕದ ಮೆಣಸೂ ನೆಲವೂ ಒಂದೇ ಬಣ್ಣದಲ್ಲಿದ್ದವು. ಆಮೇಲೆ ಮಳೆ ಬಿತ್ತು ಎನ್ನಬೇಕೆಂಬ ಆಸೆ ನನಗೂ ಇದೆ. ಕಾರಿನ ಗಾಜಿನ ಮೇಲೆ ಲೆಕ್ಕಕ್ಕೆ ಸಿಗುವಷ್ಟು ಹನಿಗಳು ಬಿದ್ದು, ಧೂಳನ್ನು ಕೆಸರು ಮಾಡಿ ಹೋದವು. ನಾನು ಹಟದಿಂದ ಕೊಂಡು ಹಿತ್ತಲಿನ ಗೋಡೆಗೆ ಸಿಕ್ಕಿಸಿದ್ದ ಮಳೆಮಾಪಕದ ತಳದಲ್ಲಿ ಎರಡು ಬೆರಳಿನಷ್ಟು ಮಣ್ಣು ಕೂತಿತ್ತು. ಅದೇ ಸಂಜೆ ಷಡ್ಡಕ ತನ್ನ ಮಾಪಕದ ಚಿತ್ರ ಕಳುಹಿಸಿದ: ಒಂದೂಕಾಲು ಇಂಚು, ನಿರ್ಮಲವಾದ ನೀರು.

"ಮಳೆ ನೋಡೋದಾದರೆ ಅಲ್ಲೇ ಹೋಗೋಣ," ಎಂದು ಅತ್ತೆಯವರು ನಿರ್ಧರಿಸಿದರು. ಸಂಡಿಗೆ ಕಳೆದುಕೊಂಡವರ ನಿರ್ಧಾರಕ್ಕೆ ಎದುರಾಡುವಷ್ಟು ಗುಂಡಿಗೆ ನನಗಿಲ್ಲ.

ಟೂಸಾನಿಗೆ ಹೋಗುವ ಹತ್ತನೆಯ ನಂಬರಿನ ಹೆದ್ದಾರಿಯಲ್ಲಿ ಈಲಾಯ್ ಎಂಬ ಊರಿನ ಸುತ್ತಮುತ್ತ ಧೂಳಿನ ಕಾಟ ವಿಪರೀತವಾದ್ದರಿಂದ, ಹತ್ತು ಮೈಲಿಯ ಉದ್ದಕ್ಕೂ ಧೂಳನ್ನು ಗುರುತಿಸಿ ವೇಗಮಿತಿಯನ್ನು ತಾನೇ ಇಳಿಸುವ ಫಲಕಗಳನ್ನು ಸಾರಿಗೆ ಇಲಾಖೆ ನಿಲ್ಲಿಸಿದೆ. ನಮ್ಮ ಪಾಲಿಗೆ ಅದು 75ರಿಂದ 35ಕ್ಕೆ ಇಳಿಯುವಷ್ಟರಲ್ಲಿ ಮುಂದಿನ ಲಾರಿಯೇ ಕಾಣದಾಯಿತು. ಅಲ್ಲಿನ ನಿಯಮವೆಂದರೆ, ರಸ್ತೆಯಿಂದ ಸಾಧ್ಯವಾದಷ್ಟು ದೂರ ಸರಿದು ನಿಲ್ಲಿಸಿ, ಎಲ್ಲ ದೀಪಗಳನ್ನೂ ಆರಿಸಿ, ಬ್ರೇಕಿನ ಮೇಲಿಂದ ಕಾಲನ್ನೂ ತೆಗೆದು, ಬೆಲ್ಟು ಬಿಚ್ಚದೆ ಕೂತಿರಬೇಕು. ದೀಪ ಉರಿಯುತ್ತಿದ್ದರೆ ಹಿಂದಿನವರು ಅದನ್ನು ಚಲಿಸುವ ವಾಹನವೆಂದು ನಂಬಿ ಹಿಂಬಾಲಿಸಿ ಬಂದು ಗುದ್ದುತ್ತಾರೆ. ಆಗುಂಬೆ ಘಾಟಿಯ ಮಂಜಿನಲ್ಲಿ ಹಗಲಲ್ಲೂ ದೀಪ ಹಾಕಿಸಿಕೊಂಡೇ ಓಡಾಡಿದ ಅತ್ತೆಯವರಿಗೆ ಇದು ಶುದ್ಧ ಹುಚ್ಚುತನವಾಗಿ ಕಂಡಿತು. ಕತ್ತಲಾದ ಕಾರಿನೊಳಗೆ ನಾನು ದೀಪ ಆರಿಸುವುದು, ಅವರು ಹಿಂದಿನ ಸೀಟಿನಿಂದ ಮೊಬೈಲಿನ ಟಾರ್ಚನ್ನು ಹಿಂಗಾಜಿಗೆ ಹಿಡಿಯುವುದು, ಹೆಂಡತಿ ಅದನ್ನು ಕಿತ್ತುಕೊಳ್ಳುವುದು, ಹೀಗೆ ಧೂಳು ತಿಳಿಯಾಗುವವರೆಗೂ ಸುರಕ್ಷತಾ ಸಪ್ತಾಹ ನಡೆಯಿತು.

ಟೂಸಾನ್ ತಲುಪಿದ ಮೇಲೆ ರಿಯೀಟೋ ನದಿಯ ಸೇತುವೆ ಬಂತು. ಫಲಕದಲ್ಲಿ ನದಿಯೆಂದಿತ್ತು, ಕೆಳಗೆ ಮರಳಿತ್ತು, ಮರಳಿನ ಮೇಲೆ ಒಬ್ಬಾತ ನಾಯಿ ಅಡ್ಡಾಡಿಸುತ್ತಿದ್ದ. "ತುಂಗೆ ಕಂಡವರ ಮುಂದೆ ಇದಕ್ಕೆ ನದಿ ಅನ್ನಬೇಡಿ," ಎಂದರು ಅತ್ತೆ. ಷಡ್ಡಕನಿಗೆ ಅವಮಾನವಾಗಿರಬೇಕು, ಅವನು ಈ ಬತ್ತಿದ ಹಳ್ಳಗಳ ಪ್ರತಾಪವನ್ನು ವಿಸ್ತಾರವಾಗಿ ವರ್ಣಿಸಿದ: ಬೆಟ್ಟದ ಮೇಲೆ ಸುರಿದ ಮಳೆ ಇಲ್ಲಿ ಆಕಾಶ ತಿಳಿಯಾಗಿದ್ದಾಗಲೇ ದಡ ತುಂಬಿ ಬರುತ್ತದೆ, ಅಡ್ಡಗಟ್ಟೆ ಇಟ್ಟಿದ್ದರೂ ಸುತ್ತಿ ಬಳಸಿ ನೀರಿಗೆ ಕಾರಿಳಿಸುವ ಧೀರರು ಇರುವುದರಿಂದ, ಅವರನ್ನು ಎತ್ತಿ ದಡ ಸೇರಿಸಿದ ಖರ್ಚನ್ನು ಅವರಿಂದಲೇ ವಸೂಲು ಮಾಡುವ ಕಾನೂನನ್ನು ಅರಿಜೋನಾ 1995ರಲ್ಲಿ ಮಾಡಿದೆ, ಜನ ಅದನ್ನು ಪ್ರೀತಿಯಿಂದ ಮೂರ್ಖ ಚಾಲಕರ ಕಾನೂನೆಂದೇ ಕರೆಯುತ್ತಾರೆ. ಅತ್ತೆಯವರು ಅಮೆರಿಕದಲ್ಲಿ ಮನಸಾರೆ ಮೆಚ್ಚಿಕೊಂಡ ಮೊದಲ ವಸ್ತು ಈ ಕಾನೂನು.

ಸಂಜೆ ಮಡಿಸುವ ಕುರ್ಚಿ, ಫ್ಲಾಸ್ಕಿನಲ್ಲಿ ಕಾಫಿ, ಚಕ್ಕುಲಿ ಡಬ್ಬಿಗಳೊಂದಿಗೆ ಊರ ಪಶ್ಚಿಮದ ಗೇಟ್ಸ್ ಪಾಸ್ ಎಂಬ ಕಣಿವೆದಾರಿಗೆ ಹೋದೆವು. ಸವಾರೋ ಕಳ್ಳಿಗಳ ನಡುವೆ ಜನ ಆಗಲೇ ಪಶ್ಚಿಮಕ್ಕೆ ಮುಖ ಮಾಡಿ ಕೂತಿದ್ದರು. ದೂರದಲ್ಲಿ ಮೋಡವೊಂದರಿಂದ ಬೂದುಬಣ್ಣದ ಮಳೆ ಇಳಿದು, ಅರ್ಧದಾರಿಯಲ್ಲೇ ಕರಗುತ್ತಿತ್ತು. ಅತ್ತೆಯವರು ಬಹಳ ಹೊತ್ತು ಅದನ್ನೇ ನೋಡಿ, "ಪಾಪ, ನೆಲ ಮುಟ್ಟಲಿಲ್ಲ," ಎಂದು ಮರುಗಿದರು. ನಂತರ ಪ್ರತಿ ಮಿಂಚಿಗೂ ಮೆಲುದನಿಯಲ್ಲಿ ಅರ್ಜುನನ ಹೆಸರು ಹೇಳತೊಡಗಿದರು. ಗುಡುಗು ಹತ್ತಿರವಾಯಿತೆಂದು ಷಡ್ಡಕ ಎಲ್ಲರನ್ನೂ ಕಾರಿಗೆ ಹತ್ತಿಸಿದನಾದರೂ, ಕ್ರಿಯೋಸೋಟ್ ಪೊದೆಗಳ ಮಳೆವಾಸನೆ ಗಾಳಿಯಲ್ಲಿ ಬಂದದ್ದೇ ಬಂದದ್ದು, ಮಳೆ ಬರಲೇ ಇಲ್ಲ. ಟೂಸಾನಿನ ಮಾನ ಹೋಗುವುದನ್ನು ಕಣ್ಣಾರೆ ಕಂಡು ನನಗೆ ಚಕ್ಕುಲಿ ಇನ್ನಷ್ಟು ರುಚಿಸಿತು.

ನಾವು ಷಡ್ಡಕನ ಮನೆಗೆ ಮರಳಿ ಕೂತಿದ್ದಾಗ ಚಾಂಡ್ಲರಿನ ನಮ್ಮ ನೆರೆಯವರಿಂದ ವಿಡಿಯೋ ಬಂತು. ನಮ್ಮ ಬೀದಿಯಲ್ಲಿ ಮೊಣಕಾಲು ನೀರು. ನಮ್ಮ ಮನೆ ಮುಂದಿನ ಪಾಲೋವರ್ಡೆ ಮರ ಬೇರುಸಹಿತ ಮಲಗಿತ್ತು. ನಮ್ಮ ಸೂರಿನಿಂದ ಧಾರಾಕಾರವಾಗಿ ನೀರಿಳಿಯುತ್ತಿತ್ತು. ನಮ್ಮ ಮನೆಯ ಮಳೆಯನ್ನು ನಾವೆಲ್ಲ ಷಡ್ಡಕನ ಮನೆಯ ದೊಡ್ಡ ಟಿವಿಗೆ ಹಾಕಿಸಿಕೊಂಡು, ಕುರ್ಚಿಯ ಮೇಲೆ ಕೂತು, ಕಾಫಿ ಕುಡಿಯುತ್ತ ಮೂರು ಸಲ ನೋಡಿದೆವು. ಸೂರು ಸೋರುತ್ತಿದೆಯೇ ಎಂದು ಹೆಂಡತಿಗೆ ಚಿಂತೆ. ಷಡ್ಡಕನಿಗೆ ಬೇರೆ ಚಿಂತೆ.

"ಬಂದದ್ದೇನೋ ಸರಿ ಷಡ್ಡಕರೇ, ಎಷ್ಟು ಇಂಚು?" ಎಂದ.

ಮಾಪಕ ನೋಡಿ ಹೇಳುವಂತೆ ನೆರೆಯವರನ್ನು ಕೇಳಿಕೊಂಡೆ. ಗೋಡೆಯ ಮೇಲೆ ಅದಿಲ್ಲವೆಂದೂ, ಹುಡುಕಿ ತಿಳಿಸುವೆನೆಂದೂ ಆತ ಉತ್ತರಿಸಿದ; ಸ್ವಲ್ಪ ಹೊತ್ತಿಗೆ ಚಿತ್ರವೂ ಬಂತು. ಮಾಪಕ ಆತನ ಈಜುಕೊಳದ ತಳದಲ್ಲಿ ನೆಟ್ಟಗೆ ನಿಂತಿತ್ತು, ಬಾಯಿವರೆಗೂ ಭರ್ತಿಯಾಗಿ. ನಾನು ಐದು ಇಂಚೆಂದು ಗಟ್ಟಿಯಾಗಿ ಓದಿದೆ. ಷಡ್ಡಕ ಎದ್ದು ನಿಂತು ಆಕ್ಷೇಪಣೆ ಸಲ್ಲಿಸಿದ. ಅತ್ತೆಯವರು ಕನ್ನಡಕ ಏರಿಸಿ ಚಿತ್ರವನ್ನು ಕೂಲಂಕಷವಾಗಿ ಪರಿಶೀಲಿಸಿ, ಮಾಪಕದ ಪಕ್ಕದಲ್ಲೇ ನೆನೆದು ಉಬ್ಬಿ ಬಿದ್ದಿರುವುದು ತಮ್ಮ ಸಂಡಿಗೆಯೇ ಹೌದೆಂದು ಗುರುತು ಹಿಡಿದರು.