ಇಲ್ಲದ ಕಾರಿನ ಕಾಟ

ನಮಗೆ ಸ್ವಂತ ಕಾರಿಲ್ಲ. ಬೆಂಗಳೂರಲ್ಲಿ ಕಾರಿಗೆ ಸಾಲ ಸಿಗುತ್ತೆ, ನಿಲ್ಲಿಸೋಕೆ ಜಾಗ ಸಿಗಲ್ಲ. ಹಾಗಾಗಿ ಅರಸೀಕೆರೆಯ ಒಂದು ಮದುವೆಗೆ ಹೋಗಬೇಕಾದಾಗ ಗಂಟೆ ಲೆಕ್ಕದಲ್ಲಿ ಕಾರು ಕೊಡುವ ಆ್ಯಪ್ ಹಾಕಿಕೊಂಡೆ. ತಿಂಗಳಿಗೆ 299 ರೂಪಾಯಿ ಕೊಟ್ಟು ಸದಸ್ಯನಾದರೆ ಬಾಡಿಗೆಯಲ್ಲಿ 500 ಕಡಿಮೆ ಅಂತಿತ್ತು. ಅಂದರೆ 201 ರೂಪಾಯಿ ಲಾಭ! ಲೆಕ್ಕದಲ್ಲಿ ನಾನು ಮೊದಲಿಂದಲೂ ಜಾಣ.

ಕಾರೇನೋ ಚೆನ್ನಾಗಿಯೇ ಇತ್ತು. ಆದರೆ ಬಾಡಿಗೆ ಕಾರಲ್ವಾ, ಕಪ್ಪು ನಂಬರ್ ಪ್ಲೇಟು, ಹಳದಿ ಅಕ್ಷರ. ಛತ್ರದ ಬಾಗಿಲಲ್ಲೇ ಸೋದರಮಾವ ಅದನ್ನು ನೋಡಿ, "ಏನೋ, ಕೆಲಸ ಬಿಟ್ಟು ಟ್ಯಾಕ್ಸಿ ಓಡಿಸ್ತಿದ್ದೀಯಾ?" ಅಂದರು. ಊಟ ಮುಗಿಯುವಷ್ಟರಲ್ಲಿ ವಾಪಸ್ ಬೆಂಗಳೂರಿಗೆ ಇಬ್ಬರು ಸೀಟು ಕೇಳಿದರು. ಒಬ್ಬರು ರೇಟೂ ಕೇಳಿದರು.

ಮನೆಗೆ ಬಂದ ಮೇಲೆ ಸದಸ್ಯತ್ವ ಬಿಡಲು ಹೊರಟೆ. ಸೇರುವಾಗ ಬಾಳೆಎಲೆಯಷ್ಟು ಅಗಲದ ಹಸಿರು ಬಟನ್ ಇತ್ತು. ಬಿಡುವ ಬಟನ್ ಪ್ರೊಫೈಲಿನೊಳಗಿನ ಪ್ಲಾನಿನೊಳಗಿನ 'ಸಹಾಯ'ದೊಳಗಿನ 'ಇತರೆ'ಯ ತಳದಲ್ಲಿ, ಬೂದಿ ಬಣ್ಣದಲ್ಲಿ, ಇರುವೆ ಸಾಲಿನ ಹಾಗೆ ಕಂಡಿತು. ಒತ್ತಿದರೆ ಎರಡು ಆಯ್ಕೆ: 'ಹೌದು, ಮುಂದುವರಿಸಿ', 'ಬೇಡ, ನನಗೆ ಉಳಿತಾಯ ಇಷ್ಟವಿಲ್ಲ'. ಯಾವ ಕನ್ನಡಿಗ ಎರಡನೆಯದನ್ನು ಒತ್ತುತ್ತಾನೆ? ಮೊದಲನೆಯದನ್ನು ಒತ್ತಿದೆ. "ನಮ್ಮ ಜೊತೆ ಉಳಿದಿದ್ದಕ್ಕೆ ಧನ್ಯವಾದ" ಅಂತ ಬಂತು.

ಫೋನ್ ಮಾಡಿದೆ. ಕಾಲು ಗಂಟೆ ಪಿಯಾನೋ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಏನು ತೊಂದರೆ ಆಯ್ತು ಸರ್?"

"ಏನೂ ಇಲ್ಲಮ್ಮ. ಕಾರು ಚೆನ್ನಾಗಿತ್ತು."

"ಮತ್ತೆ ಯಾಕೆ ಸರ್ ಬಿಡ್ತಿದ್ದೀರಾ?"

ಹೆಣ್ಣು ನೋಡಿ ಬಂದು ಬೇಡ ಅಂದವನ ಹಾಗೆ ತಡವರಿಸಿದೆ. ಅವಳು ಬಿಡಲಿಲ್ಲ. ಎರಡು ತಿಂಗಳು ಅರ್ಧ ರೇಟು ಅಂದಳು. ಬೇಡಮ್ಮ ಅಂದೆ. ಮುಂದಿನ ಸಲ ನಾಲ್ಕು ಗಂಟೆ ಫ್ರೀ ಅಂದಳು. ಪಂಕ್ತಿಯಲ್ಲಿ ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಹೋಳಿಗೆ ತೂರಿಸುವವರಿರುತ್ತಾರಲ್ಲ, ಹಾಗೆ. ಅವರಾದರೂ ಹೋಳಿಗೆಗೆ ತುಪ್ಪ ಹಾಕ್ತಾರೆ. ಕೊನೆಗೆ, "ಮೇಲಿನವರಿಗೆ ಕಳಿಸಿದ್ದೀನಿ ಸರ್, 48 ಗಂಟೆ" ಅಂದಳು.

48 ಗಂಟೆಗೆ ಸರಿಯಾಗಿ ಎರಡು ಮೆಸೇಜು ಬಂದವು. ಒಂದು, "ನಿಮ್ಮ ಸಮಸ್ಯೆ ಬಗೆಹರಿದಿದೆ." ಇನ್ನೊಂದು, ನಾಳೆ ನಿಮ್ಮ ಖಾತೆಯಿಂದ 299 ಕಡಿತವಾಗಲಿದೆ. ಹೀಗೆ 24 ಗಂಟೆ ಮೊದಲೇ ಹೇಳಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮವಂತೆ. ಪುಣ್ಯಾತ್ಮರು.

"ಸ್ವಂತ ಕಾರಾಗಿದ್ರೆ ಮಾರಾದ್ರೂ ಕೈ ತೊಳ್ಕೋಬಹುದಿತ್ತು" ಅಂದಳು ಹೆಂಡತಿ.

ಮಗಳು ಫೋನ್ ಕಿತ್ತುಕೊಂಡಳು. ಕೇಂದ್ರ ಸರ್ಕಾರ 2023ರಲ್ಲಿ ಇಂಥ 13 ಚಾಲಾಕಿಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆಯಂತೆ, ಬಿಡೋಕೆ ದಾರಿ ಕೊಡದಿರುವುದೂ ಅದರಲ್ಲೊಂದಂತೆ, 1915ಕ್ಕೆ ದೂರು ಕೊಡಬಹುದಂತೆ. ನಾನು ಇನ್ನೊಂದು ಸಹಾಯವಾಣಿಯ ಹೆಸರು ಕೇಳಿಯೇ ಬೆವರಿದೆ. ಅಷ್ಟರಲ್ಲಿ ಅವಳು ಯುಪಿಐ ಆ್ಯಪಿನಲ್ಲಿ ಆಟೋಪೇ ತೆಗೆದು, ನನ್ನ ಕೈಲಿ ಪಿನ್ ಒತ್ತಿಸಿ, ರದ್ದು ಮಾಡಿಯೂ ಆಗಿತ್ತು. ಅರ್ಧ ನಿಮಿಷ ಹಿಡಿಯಲಿಲ್ಲ.

ಎರಡು ದಿನ ಬಿಟ್ಟು ಫೋನು. ಅದೇ ಹುಡುಗಿ.

"ಸರ್, ನಿಮ್ಮ ಪೇಮೆಂಟ್ ಫೇಲಾಗಿದೆ. ಹೀಗಾದ್ರೆ ಸದಸ್ಯತ್ವ ನಿಂತುಹೋಗುತ್ತೆ."

"ನಿಲ್ಲಲಿ ತಾಯಿ! ರದ್ದು ಮಾಡಿಬಿಡಿ!"

"ರದ್ದು ಮಾಡಬೇಕಂದ್ರೆ ಸದಸ್ಯತ್ವ ಚಾಲ್ತಿಯಲ್ಲಿರಬೇಕು ಸರ್. 299 ಕಟ್ಟಿದ್ರೆ ಈಗಲೇ ರಿಕ್ವೆಸ್ಟ್ ಹಾಕ್ತೀನಿ."