ಲಗ್ನಪತ್ರಿಕೆಯಲ್ಲಿ ಅಳೆದ ಗ್ಯಾಪು

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನನ್ನ ಮನೆ ಮುಂದೆ 1966ರ ಮಾರಿಸ್ ಮೈನರ್ ನಿಂತಿರುತ್ತದೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ ನಮ್ಮ ಮಾವನ ತೋಟದ ಶೆಡ್ಡಿನಲ್ಲಿ 1972ರ ಅಂಬಾಸಿಡರ್ ಇದೆ. ಎರಡೂ ಒಂದೇ ಮನೆತನದವು. ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಬಂಗಾಳದ ಉತ್ತರಪಾರಕ್ಕೆ ಬಂದು ಅಂಬಾಸಿಡರ್ ಆಯಿತು. ಹುಟ್ಟೂರಲ್ಲಿ ಅದನ್ನು ಯಾವತ್ತೋ ಮರೆತರು. ನಮ್ಮಲ್ಲಿ 2014ರವರೆಗೂ ತಯಾರಾಗುತ್ತಿತ್ತು.

ಇಲ್ಲಿಗೆ ಬರುವ ಮುಂಚೆ ನಾನು ಕಾರಿನ ಬಾನೆಟ್ ಎತ್ತಿದವನೇ ಅಲ್ಲ. ಕಲಿತದ್ದು ಆಸೆಯಿಂದಲ್ಲ, ಗ್ಯಾರೇಜಿನ ಬಿಲ್ ನೋಡಿ. ಇಲ್ಲಿ ಕೂಲಿ ದುಬಾರಿ. ಅದಕ್ಕೇ ಭಾನುವಾರ ಬೆಳಿಗ್ಗೆ ಮೇಷ್ಟ್ರು, ಡಾಕ್ಟರು ಎಲ್ಲರೂ ಕೈ ಕಪ್ಪು ಮಾಡಿಕೊಂಡು ಕಾರಿನ ಕೆಳಗೆ ಮಲಗಿರುತ್ತಾರೆ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಅದೇ ಚಿಕ್ಕಮಗಳೂರಲ್ಲಿ ಸ್ಪ್ಯಾನರ್ ಹಿಡಿದು ನೋಡಿ. "ಯಾಕ್ರೀ, ಮೆಕ್ಯಾನಿಕ್ ಸಿಗಲಿಲ್ವಾ?" ಅಂತ ದಾರಿಯಲ್ಲಿ ಹೋಗುವವರೆಲ್ಲ ಕೇಳುತ್ತಾರೆ. ಕೇಳಿ ಸುಮ್ನೆ ಹೋಗುವುದಿಲ್ಲ, ನಿಂತು ಸಲಹೆ ಕೊಡುತ್ತಾರೆ. ಕೊವೆಂಟ್ರಿಯಲ್ಲಿ ಕಾರಿನ ಮುಂದೆ ನಾನೊಬ್ಬನೇ. ಒಂದು ಬಟ್ಟೆ, ಒಂದು ಮ್ಯಾನುಯಲ್ಲು, ಅಷ್ಟೇ.

ಹೋದ ಜುಲೈನಲ್ಲಿ ಊರಿಗೆ ಹೋದಾಗ ಅಂಬಾಸಿಡರ್ ಮೂರು ದಿನದಿಂದ ಸ್ಟಾರ್ಟ್ ಆಗಿರಲಿಲ್ಲ. ಮಳೆ ಬಿಟ್ಟಿರಲಿಲ್ಲ. ಡ್ರೈವರಣ್ಣ ಮಗಳ ಊರಿಗೆ ಹೋಗಿದ್ದರು. ನಾನಿದ್ದೀನಲ್ಲ ಅಂತ ಮಾವನಿಗೆ ಧೈರ್ಯ ಹೇಳಿ ಬಾನೆಟ್ ಎತ್ತಿದೆ. ಡಿಸ್ಟ್ರಿಬ್ಯೂಟರ್ ಅಂದರೆ ನಾಲ್ಕು ಪ್ಲಗ್‌ಗಳಿಗೆ ಸರದಿಯಂತೆ ಕಿಡಿಯ ಕರೆಂಟು ಹಂಚುವ ಡಬ್ಬಿ. ಅದರ ಕ್ಯಾಪಿನ ಒಳಗೆ ಬೆವರು ಕೂತಿತ್ತು. ಮಲೆನಾಡಿನ ಮಳೆಗಾಲದ ಮಾಮೂಲಿ ಕಾಯಿಲೆ ಅದು. ತೇವ ಇದ್ದರೆ ಕರೆಂಟು ಪ್ಲಗ್‌ಗೆ ಹೋಗುವ ಬದಲು ಕ್ಯಾಪಿನ ಮೈಮೇಲೇ ಹರಿದು ಹೋಗುತ್ತದೆ. ಒರೆಸಿ ಒಣಗಿಸಿದರೆ ಮುಗಿಯಿತು. ನಾನು ಜಾಣತನ ಜಾಸ್ತಿ ಮಾಡಿದೆ. ನಾಲ್ಕೂ ಪ್ಲಗ್ ವೈರುಗಳನ್ನು ಒಟ್ಟಿಗೆ ಕಿತ್ತು ಒರೆಸಿ, ಕ್ಯಾಪನ್ನು ಬಚ್ಚಲೊಲೆ ಹತ್ತಿರ ಇಟ್ಟು ಬಂದೆ. ವಾಪಸ್ ಹಾಕುವಾಗ ಯಾವ ವೈರು ಎಲ್ಲಿತ್ತು ಅನ್ನುವುದೇ ಮರೆತುಹೋಗಿತ್ತು. ಸೆಲ್ಫ್ ಹೊಡೆದರೆ ಸೈಲೆನ್ಸರಿನಲ್ಲಿ ಢಂ ಅಂತ ಸದ್ದು. ಕೋಳಿಗಳೆಲ್ಲ ಕಾಫಿ ಗಿಡದೊಳಗೆ ಓಡಿದವು.

ಸಂಜೆ ಡ್ರೈವರಣ್ಣ ಬಂದರು. "ಏನಪ್ಪಿ, ಎಲ್ಲಾ ವೈರೂ ಒಟ್ಟಿಗೆ ಕಿತ್ರಾ?" ಅಂದರು. ನಾನು ಮಾತಾಡಲಿಲ್ಲ.

ಮೊದಲನೇ ಸಿಲಿಂಡರಿನ ಪ್ಲಗ್ ಬಿಚ್ಚಿ, ಆ ತೂತಿನ ಮೇಲೆ ನನ್ನ ಹೆಬ್ಬೆರಳು ಇಡಿಸಿದರು. ಮುಂದೆ ಹ್ಯಾಂಡಲ್ ಹಾಕಿ ನಿಧಾನಕ್ಕೆ ತಿರುಗಿಸಿದರು. ಒಂದು ಕಡೆ ಬಂದಾಗ ಒಳಗಿನ ಗಾಳಿ ಬೆರಳನ್ನು ಎತ್ತಿ ತಳ್ಳಿತು. "ಅಲ್ಲೇ! ಈಗ ರೋಟರ್ ಯಾವ ಕಡೆ ನೋಡ್ತಿದೆ ನೋಡಿ, ಅದೇ ಒಂದನೇ ವೈರು." ರೋಟರ್ ಅಂದರೆ ಕ್ಯಾಪಿನ ಒಳಗೆ ತಿರುಗುತ್ತಾ ಒಂದೊಂದೇ ವೈರಿಗೆ ಕರೆಂಟು ದಾಟಿಸುವ ತುಂಡು. ಉಳಿದ ವೈರುಗಳನ್ನು ಅದು ತಿರುಗುವ ದಿಕ್ಕಿಗೆ, ಸಿಲಿಂಡರುಗಳಲ್ಲಿ ಕಿಡಿ ಹಾರುವ ಕ್ರಮದಲ್ಲಿ 1, 3, 4, 2 ಅಂತ ಜೋಡಿಸಿದರು. ಮೈನರಿಗೂ ಇದೇ ಕ್ರಮ. ನಾನು ಪುಸ್ತಕದಲ್ಲಿ ಓದಿದ್ದೆ, ಬೆರಳಿಗೆ ಗೊತ್ತಿರಲಿಲ್ಲ.

ಆಮೇಲೆ ಪಾಯಿಂಟ್ ಬಿಚ್ಚಿದರು. ಕೂಡಿ ಬಿಟ್ಟು, ಕರೆಂಟು ಕಡಿದು ಕಿಡಿ ಹುಟ್ಟಿಸುವ ಎರಡು ಲೋಹದ ತುದಿಗಳು ಅವು. ಎಮರಿ ಪೇಪರಿನಲ್ಲಿ ಎರಡು ಸಲ ಉಜ್ಜಿ, ಜೇಬಿನಿಂದ ಒಂದು ಲಗ್ನಪತ್ರಿಕೆಯ ತುಂಡು ತೆಗೆದು ಗ್ಯಾಪಿಗೆ ತೂರಿಸಿ ಸ್ಕ್ರೂ ಬಿಗಿದರು. ನನಗೆ ತಡೆಯಲಾಗಲಿಲ್ಲ. ಬ್ಯಾಗಿನಿಂದ ಫೀಲರ್ ಗೇಜ್, ಅಂದರೆ ಗ್ಯಾಪ್ ಅಳೆಯುವ ತೆಳು ತಗಡುಗಳ ಕಟ್ಟು, ತಂದು ಹಾಕಿದೆ. ನನ್ನ ಮೈನರಿಗೆ ಬೇಕಾದ್ದು ಇಂಚಿನ ಸಾವಿರದಲ್ಲಿ 15 ಭಾಗ. ಇಲ್ಲಿ 16 ಬಂತು. ಲಗ್ನಪತ್ರಿಕೆ ಸೋಲಲಿಲ್ಲ.

ಹಾಗಂತ ನಮ್ಮ ಕಡೆಯದೆಲ್ಲ ಸರಿ ಅಂತ ನಾನು ಹೇಳುವುದಿಲ್ಲ. ಅದೇ ಕಾರಿನಲ್ಲಿ ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ್ದರು. "ಸದ್ಯಕ್ಕೆ ನಡೀಲಿ" ಅಂತ ಹಾಕಿದ್ದು ಎಷ್ಟು ವರ್ಷದಿಂದ ನಡೆಯುತ್ತಿತ್ತೋ. ಫ್ಯೂಸ್ ಇರುವುದೇ ಸುಡಲಿಕ್ಕೆ. ಅದು ಸುಡದಿದ್ದರೆ ವೈರಿಂಗೇ ಸುಡುತ್ತದೆ. ಹತ್ತಿಪ್ಪತ್ತು ರೂಪಾಯಿಯ ಸಾಮಾನಿಗೆ ಕಾರನ್ನೇ ಪಣ ಇಡುವ ಈ ಅಡ್ಜಸ್ಟ್‌ಮೆಂಟ್ ನನಗಂತೂ ಒಗ್ಗುವುದಿಲ್ಲ. ಇಂಗ್ಲಿಷಿನವರ ಹುಚ್ಚೂ ಕಮ್ಮಿ ಇಲ್ಲ ಅನ್ನಿ. ಚೆನ್ನಾಗಿ ಓಡುತ್ತಿರುವ ಕಾರ್ಬೊರೇಟರನ್ನು ಬಿಚ್ಚಿ ಟೇಬಲ್ಲಿನ ಮೇಲೆ ಹರಡಿ, ಕೊನೆಗೆ ಒಂದು ವಾಷರ್ ಜಾಸ್ತಿ ಉಳಿಸಿಕೊಂಡು ಕೂರುತ್ತಾರೆ. ನಾನೂ ಕೂತಿದ್ದೇನೆ.

ಊರಲ್ಲಿ ಹಳೇ ಕಾರು ಇಟ್ಟುಕೊಂಡವರಿಗೆ ನಾನು ಹೇಳುವುದಿಷ್ಟೇ. ಕೂಲಿ ಅಗ್ಗ ಅಂತ ಎಲ್ಲವನ್ನೂ ಮೆಕ್ಯಾನಿಕ್ಕಿಗೆ ಬಿಡಬೇಡಿ. ಪಾಯಿಂಟ್ ಬಲ್ಲವರಿಗೆ ವಯಸ್ಸಾಗುತ್ತಿದೆ. ಈಗಿನ ಹುಡುಗರಿಗೆ ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಚುಚ್ಚುವ ಜಾಗ ಬೇಕು, ಅಂಬಾಸಿಡರಿನಲ್ಲಿ ಅದೆಲ್ಲಿದೆ? ಪ್ಲಗ್, ಪಾಯಿಂಟ್, ಗ್ರೀಸ್, ಫ್ಯಾನ್ ಬೆಲ್ಟ್, ಇವನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಪೆಟ್ರೋಲ್ ಪೈಪನ್ನಂತೂ ತಿಂಗಳಿಗೊಮ್ಮೆ ಬೆರಳಲ್ಲಿ ಒತ್ತಿ ನೋಡಲೇಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗದವರೆಗೆ ಎಥನಾಲ್ ಇರುತ್ತದೆ. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಮೆತ್ತಗಾಗುತ್ತದೆ, ಇಲ್ಲವೇ ಬಿರಿಯುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗತಿ ಏನು? ಎಥನಾಲ್ ತಡೆಯುವ ಪೈಪು ಕೇಳಿ ತಂದು, ಎರಡು ಕ್ಲಿಪ್ ಬಿಗಿದರೆ ಕೆಲಸ ಮುಗಿಯಿತು. ಎಂಜಿನ್ ತಣ್ಣಗಿರುವಾಗ, ಬ್ಯಾಟರಿ ಕಳಚಿ, ಬೀಡಿ ಹಚ್ಚುವವರನ್ನು ದೂರ ಕಳಿಸಿ ಮಾಡಿ.

ಬ್ರೇಕಿಗೆ ಮಾತ್ರ ನಾನು ಕೈ ಹಾಕುವುದಿಲ್ಲ, ಅಲ್ಲೂ ಇಲ್ಲೂ. ಈ ಎರಡು ಕಾರಲ್ಲೂ ನಾಲ್ಕು ಚಕ್ರಕ್ಕೂ ಸೇರಿ ಒಂದೇ ಆಯಿಲ್ ಲೈನು. ಒಂದು ಕಡೆ ಸೋರಿದರೆ ನಾಲ್ಕೂ ಹೋದ ಹಾಗೆ. ಚಾರ್ಮಾಡಿ ಘಾಟಿ ಇಳಿಯುವಾಗ ನನ್ನ ಕೈಗುಣ ಪರೀಕ್ಷೆ ಮಾಡುವ ಆಸೆ ನನಗಿಲ್ಲ.

ಹೊರಡುವಾಗ ಫೀಲರ್ ಗೇಜನ್ನು ಡ್ರೈವರಣ್ಣನಿಗೆ ಕೊಟ್ಟು ಬಂದೆ. ಮೊನ್ನೆ ಫೋನಿನಲ್ಲಿ ಮಾವನನ್ನು ಕೇಳಿದೆ, ಅದನ್ನು ಉಪಯೋಗಿಸ್ತಾರಾ ಅಂತ.

"ಓ, ತಪ್ಪದೇ ಉಪಯೋಗಿಸ್ತಾನೆ" ಅಂದರು ಮಾವ. "ಮೊದಲು ಲಗ್ನಪತ್ರಿಕೆ ಹಾಕಿ ಸೆಟ್ ಮಾಡ್ತಾನೆ. ಆಮೇಲೆ ನಿನ್ನ ಗೇಜ್ ಸರಿ ಇದೆಯಾ ಅಂತ ಹಾಕಿ ನೋಡ್ತಾನೆ."