ಕೋಲ್ಮಾರ್‌ನ ಕನ್ಯಾಸ್ತ್ರೀ ಮಠದಲ್ಲಿ ಹಾಸನಾಂಬೆಯ ನೆನಪು

ಬಾಸೆಲ್, ಸ್ಟ್ರಾಸ್‌ಬರ್ಗ್, ಫ್ರೈಬುರ್ಗ್ ಕಡೆ ನೆಲೆಸಿರುವ ನಮ್ಮವರು ಊರಿಂದ ಬಂದ ನೆಂಟರನ್ನು ಫ್ರಾನ್ಸಿನ ಕೋಲ್ಮಾರ್‌ಗೆ ಕರೆದೊಯ್ಯುವುದುಂಟು. ಬಣ್ಣದ ಮನೆಗಳು, ಕಾಲುವೆ, ಫೋಟೋ ಇಷ್ಟರಲ್ಲೇ ದಿನ ಕಳೆಯುತ್ತದೆ. ಉಂಟರ್‌ಲಿಂಡನ್ ಮ್ಯೂಸಿಯಂಗೆ ಕೊನೆಗೆ ಅರ್ಧ ಗಂಟೆ ಉಳಿದರೆ ಹೆಚ್ಚು. ಆ ಕ್ರಮವನ್ನು ತಿರುವುಮುರುವು ಮಾಡಿ ಎನ್ನುತ್ತೇನೆ. ಸ್ಟ್ರಾಸ್‌ಬರ್ಗ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ, ನಿಲ್ದಾಣದಿಂದ ಇಪ್ಪತ್ತು ನಿಮಿಷದ ನಡಿಗೆ. ಮಂಗಳವಾರ ರಜೆ. ಡಿಸೆಂಬರ್‌ನ ಕ್ರಿಸ್‌ಮಸ್ ಸಂತೆಯ ಶನಿವಾರ, ಭಾನುವಾರ ಬೇಡವೇ ಬೇಡ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಊರು ಸುತ್ತುವುದನ್ನು ಮಧ್ಯಾಹ್ನಕ್ಕಿಟ್ಟುಕೊಳ್ಳಿ.

ಕಟ್ಟಡ 13ನೇ ಶತಮಾನದ್ದು, ದೊಮಿನಿಕನ್ ಕನ್ಯಾಸ್ತ್ರೀಯರ ಮಠ. ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಮಠ ಮುಚ್ಚಿತು, 1853ರಲ್ಲಿ ಮ್ಯೂಸಿಯಂ ಆಯಿತು. ಕಮಾನುಗಳ ಸಾಲಿನ ಒಳ ಅಂಗಳ ದಾಟಿ ನೇರವಾಗಿ ಹಳೆಯ ಪ್ರಾರ್ಥನಾಲಯಕ್ಕೆ ನಡೆಯಿರಿ. ಅಲ್ಲಿದೆ ಈಸೆನ್‌ಹೈಮ್ ಬಲಿಪೀಠದ ಚಿತ್ರಫಲಕ, ಅಂದರೆ ಚರ್ಚಿನ ಪೂಜಾಪೀಠದ ಹಿಂದೆ ನಿಲ್ಲಿಸುವ, ಬಾಗಿಲುಗಳಂತೆ ತೆರೆಯುವ ಚಿತ್ರಗಳ ಜೋಡಣೆ. 1512ರಿಂದ 1516ರ ನಡುವೆ ಜರ್ಮನ್ ಚಿತ್ರಕಾರ ಗ್ರೂನೆವಾಲ್ಡ್ ಬರೆದ ಚಿತ್ರಗಳವು. ಒಳಗಿನ ಮರದ ಶಿಲ್ಪಗಳು ಹಾಗೆನಾವರ್ ಎಂಬ ಶಿಲ್ಪಿಯವು ಎನ್ನುತ್ತಾರೆ. ಆದರೆ ಇದು ಈ ಮಠದ ಸ್ವತ್ತಲ್ಲ. ಕೋಲ್ಮಾರ್‌ನ ದಕ್ಷಿಣಕ್ಕಿರುವ ಈಸೆನ್‌ಹೈಮ್‌ನಲ್ಲಿ ಸಂತ ಅಂತೋಣಿಯ ಹೆಸರಿನ ಸನ್ಯಾಸಿಗಳು ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ಮಠಕ್ಕಾಗಿ ಮಾಡಿಸಿದ್ದು.

ರೋಗ ಯಾವುದೆಂದು ತಿಳಿಯದೆ ಚಿತ್ರ ಅರ್ಥವಾಗದು. ರೈ ಧಾನ್ಯದ ತೆನೆಗೆ ಎರ್ಗಾಟ್ ಎಂಬ ಶಿಲೀಂಧ್ರ ತಗುಲಿ ಕಪ್ಪು ಕೊಂಬಿನಂಥ ಗಂಟುಗಳಾಗುತ್ತವೆ. ಅದು ಹಿಟ್ಟಿನಲ್ಲಿ ಸೇರಿದ ಬ್ರೆಡ್ಡನ್ನು ತಿಂದವರ ರಕ್ತನಾಳಗಳು ಬಿಗಿದು, ಬೆಂಕಿ ಸುಟ್ಟಂಥ ಉರಿ ಎದ್ದು, ಕೈಕಾಲು ಕಪ್ಪಾಗಿ ಕೊಳೆಯುತ್ತಿದ್ದವು. ನಮ್ಮ ಸಜ್ಜೆಯ ತೆನೆಗೂ ಇದರ ಹತ್ತಿರದ ಸಂಬಂಧಿ ತಗಲುತ್ತದೆ. ಬೀಜವನ್ನು ಉಪ್ಪುನೀರಿಗೆ ಹಾಕಿ ತೇಲಿದ್ದನ್ನು ತೆಗೆದು ಬಿತ್ತುವುದು ಇದೇ ಕಾರಣಕ್ಕೆ. ಮಠದಲ್ಲಿ ರೋಗಿಗಳಿಗೆ ಸಿಗುತ್ತಿದ್ದ ಒಳ್ಳೆಯ ಬ್ರೆಡ್ಡೇ ಅರ್ಧ ಔಷಧಿ. ಉಳಿದದ್ದಕ್ಕೆ ಅವರು ಈ ಚಿತ್ರದ ಮುಂದೆ ಬರುತ್ತಿದ್ದರು. ಶಿಲುಬೆಯ ಮೇಲಿನ ಯೇಸುವಿನ ಮೈಯೆಲ್ಲ ಹುಣ್ಣು, ಚುಚ್ಚಿದ ಮುಳ್ಳು. ತಮ್ಮದೇ ಮೈಯನ್ನು ಅವರು ಅಲ್ಲಿ ಕಂಡರು.

ಹೋಗುವ ಮುನ್ನ ಮನೆಯಲ್ಲೇ ಫಲಕದ ರಚನೆ ತಿಳಿದುಕೊಳ್ಳಿ. ಮುಚ್ಚಿದಾಗ ಕಾಣುವುದು ಶಿಲುಬೆ. ಆ ಎರಡು ಬಾಗಿಲು ತೆರೆದರೆ ಅವುಗಳ ಬೆನ್ನಲ್ಲಿ ಎಡಕ್ಕೆ ಮರಿಯಳಿಗೆ ದೇವದೂತನ ಸಂದೇಶ, ಬಲಕ್ಕೆ ಪುನರುತ್ಥಾನ, ನಡುವೆ ದೇವದೂತರ ಸಂಗೀತ ಮತ್ತು ತಾಯಿ ಮಗು. ಆ ನಡುವಿನದೂ ಬಾಗಿಲೇ. ಅದನ್ನೂ ತೆರೆದರೆ ಮರದ ಸಂತ ಅಂತೋಣಿ, ಅಕ್ಕಪಕ್ಕ ಅವನ ಜೀವನದ ಎರಡು ಚಿತ್ರ. ಈಗ ಇವನ್ನು ಬಿಚ್ಚಿ ಬೇರೆ ಬೇರೆ ನಿಲ್ಲಿಸಿದ್ದಾರೆ. ಮುಂಭಾಗ ನೋಡಿ ಮುಂದಿನದಕ್ಕೆ ಹೋಗುವವರಿಗೆ ಯಾವುದರ ಬೆನ್ನು ಯಾವುದು ಎಂದು ತಿಳಿಯದೆ ಗೋಜಲಾಗುತ್ತದೆ. ಪ್ರತಿಯೊಂದನ್ನೂ ಸುತ್ತು ಹಾಕಿ ನೋಡಬೇಕು. ಶಿಲುಬೆ ನಡುಗೆರೆಯಿಂದ ಸ್ವಲ್ಪ ಬಲಕ್ಕಿದೆ. ಆದ್ದರಿಂದ ಬಾಗಿಲು ತೆರೆದಾಗ ದೇಹ ಸೀಳದೆ ಒಂದು ತೋಳು ಮಾತ್ರ ಬೇರೆಯಾಗುತ್ತಿತ್ತು. ಕೈ ಕಳೆದುಕೊಂಡ ರೋಗಿಗಳೆದುರು ಅದು ಏನಾಗಿ ಕಂಡಿರಬಹುದು!

ಹಿಂದೆ ಸಾಮಾನ್ಯ ದಿನಗಳಲ್ಲಿ ಶಿಲುಬೆ ಮಾತ್ರ ಕಾಣುತ್ತಿತ್ತು. ದೊಡ್ಡ ಹಬ್ಬಗಳಲ್ಲಿ ಮೊದಲ ಬಾಗಿಲು, ಜನವರಿ 17ರ ಅಂತೋಣಿ ಹಬ್ಬಕ್ಕೆ ಒಳಗಿನದು. ಹಾಸನಾಂಬೆಯ ಬಾಗಿಲು ಆಶ್ವಯುಜದಲ್ಲಿ ತೆರೆದು ಬಲಿಪಾಡ್ಯಮಿಯ ಬಳಿಕ ಮುಚ್ಚುವುದನ್ನು ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಇಲ್ಲಿ ಆ ಕಾಯುವಿಕೆ ಹೋಗಿದೆ, ಎಲ್ಲವೂ ಎಲ್ಲ ದಿನವೂ ಕಾಣುತ್ತದೆ. ನಮ್ಮಲ್ಲಿ ಕಾಯುವಿಕೆ ಉಳಿದಿದೆ, ಆದರೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತವರಿಗೆ ಗರ್ಭಗುಡಿಯೆದುರು ಕ್ಷಣಕಾಲದ ದರ್ಶನ. ಎರಡರಲ್ಲಿ ಒಂದನ್ನೇ ಆರಿಸು ಎಂದರೆ ನಾನು ಕಾಯುವಿಕೆಯನ್ನೇ ಆರಿಸುತ್ತೇನೆ.

ಆದರೆ ಗುಡಿಯಿಂದ ಹೊರಬಿದ್ದ ಮೂರ್ತಿಗಳ ವಿಷಯದಲ್ಲಿ ಕೋಲ್ಮಾರ್‌ನಿಂದ ಕಲಿಯುವುದಿದೆ. ಈ ಫಲಕ ಎಲ್ಲಿತ್ತು, ಯಾರ ಮುಂದೆ, ಯಾವ ದಿನ ತೆರೆಯುತ್ತಿತ್ತು ಎಂಬುದೇ ಅಲ್ಲಿ ವಿವರಣೆಯ ತಿರುಳು. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಎಷ್ಟೋ ಕಡೆ “ಮದನಿಕೆ, ಹೊಯ್ಸಳ, 12ನೇ ಶತಮಾನ” ಎಂದಷ್ಟೇ ಫಲಕವಿರುತ್ತದೆ. ಬೇಲೂರಿನಲ್ಲಿ ಮದನಿಕೆ ಕಂಬದ ತಲೆ ಮತ್ತು ಸೂರಿನ ನಡುವೆ ಓರೆಯಾಗಿ ನಿಂತು ಕೆಳಗಿನವರತ್ತ ಬಾಗಿರುತ್ತಾಳೆ. ಅಂಥ ಶಿಲ್ಪವನ್ನು ತಂದು ಪೀಠದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಶಿಲ್ಪಿ ಲೆಕ್ಕ ಹಾಕಿದ ನೋಟವೇ ತಪ್ಪಿಹೋಗುತ್ತದೆ. ಯಾವ ಊರಿನ ಗುಡಿ, ಯಾವ ಗೋಡೆ, ನೆಲದಿಂದ ಎಷ್ಟು ಎತ್ತರ, ಪೂಜೆಯಿತ್ತೇ ಇಲ್ಲವೇ ಎಂಬ ನಾಲ್ಕು ಸಾಲು, ಪಕ್ಕದಲ್ಲಿ ಗುಡಿಯ ಒಂದು ರೇಖಾಚಿತ್ರ ಬೇಕು. ಇದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.